ಮರೆಗೆ ಸರಿದ ಸದರ್ನ್ ಸೋಲ್ ಮತ್ತು ಬ್ಲೂಸ್ ಹಾಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸದರ್ನ್ ಸೋಲ್ ಅಂದರೆ ಯಾವ ಸಂಗೀತ?

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಹಾಡು. ಅದರ ಒಳ್ಳೆಯ ಕಾಲ ಹೆಚ್ಚುಕಡಿಮೆ 1961ರಿಂದ 1975. ಮುಖ್ಯ ಊರುಗಳು ಟೆನೆಸಿಯ ಮೆಂಫಿಸ್ ಮತ್ತು ನ್ಯಾಶ್‌ವಿಲ್, ಅಲಬಾಮದ ಮಸಲ್ ಶೋಲ್ಸ್, ಮಿಸಿಸಿಪ್ಪಿಯ ಜ್ಯಾಕ್ಸನ್. ಹಾಡುಗಾರರಲ್ಲಿ ಬಹಳ ಜನ ಚರ್ಚಿನಲ್ಲಿ ಗಾಸ್ಪೆಲ್ ಎಂಬ ಭಕ್ತಿಗೀತೆ ಹಾಡಿ ಬೆಳೆದವರು. ಅದೇ ಗಂಟಲಿನಲ್ಲಿ ಪ್ರೀತಿ, ಮೋಸ, ದುಡ್ಡಿನ ತಾಪತ್ರಯ ಹಾಡಿದರು. ದೇವರ ಜಾಗದಲ್ಲಿ ನಲ್ಲ ನಲ್ಲೆಯರು ಬಂದರು, ಮೊರೆ ಮಾತ್ರ ಹಾಗೇ ಉಳಿಯಿತು.

ಬ್ಲೂಸ್ ಬೇರೆ ಅಲ್ವಾ?

ಬೇರೆಯೇ. ಬ್ಲೂಸ್ ಹಳೆಯದು, ಅದಕ್ಕೆ ಹನ್ನೆರಡು ಬಾರ್‌ಗಳ (ತಾಳದ ಸುತ್ತುಗಳ) ತನ್ನದೇ ಚೌಕಟ್ಟು ಇದೆ. ಆದರೆ ಗೆರೆ ಎಳೆದು ಬೇರೆ ಮಾಡಲು ಹೋದರೆ ಬಾಬಿ ಬ್ಲ್ಯಾಂಡ್ ಅವರನ್ನು ಯಾವ ಕಡೆ ಹಾಕುತ್ತೀರಿ? ಅವರ 1961ರ ‘ಟೂ ಸ್ಟೆಪ್ಸ್ ಫ್ರಮ್ ದ ಬ್ಲೂಸ್’ ಆಲ್ಬಂ ಎರಡೂ ಹೌದು. ಆಲ್ಬರ್ಟ್ ಕಿಂಗ್ ಅವರ 1967ರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಬ್ಲೂಸ್ ಹಾಡು. ಆದರೆ ಅದನ್ನು ಬರೆದವರು, ನುಡಿಸಿದವರು ಎಲ್ಲರೂ ಸ್ಟ್ಯಾಕ್ಸ್ ಎಂಬ ಸೋಲ್ ಕಂಪನಿಯವರು. ಅಂಗಡಿಯವರಿಗೆ ಈ ವಿಂಗಡಣೆ ಬೇಕು. ಕೇಳುವವರಿಗೆ ಅಷ್ಟಾಗಿ ಬೇಡ.

ಮೋಟೌನ್ ಕೇಳಿದ್ದೇನೆ. ಇದೂ ಅದೇ ತಾನೇ?

ಅಲ್ಲ. ಮೋಟೌನ್ ಉತ್ತರದ ಡೆಟ್ರಾಯಿಟ್‌ನ ಸೋಲ್ ಕಂಪನಿ, ಅದರ ಹಾಡು ಹೆಚ್ಚು ನಯ. ದಕ್ಷಿಣದವರು ಅಂಚುಗಳನ್ನು ಒರಟಾಗಿಯೇ ಬಿಟ್ಟರು.

ಓಟಿಸ್ ರೆಡ್ಡಿಂಗ್, ಅರೀಥಾ ಫ್ರಾಂಕ್ಲಿನ್, ಆಲ್ ಗ್ರೀನ್ ಎಲ್ಲರಿಗೂ ಗೊತ್ತು. ಉಳಿದವರು ಯಾಕೆ ಮರೆಯಾದರು? ಅಷ್ಟು ಚೆನ್ನಾಗಿ ಹಾಡುತ್ತಿರಲಿಲ್ಲವಾ?

ಹಾಡಿನ ಗುಣಕ್ಕೂ ಇದಕ್ಕೂ ಸಂಬಂಧ ಕಡಿಮೆ. ಬಹುಪಾಲು ಇದು ವ್ಯಾಪಾರದ ಕಥೆ.

ಆಗ ಹಾಡು ಹೊರಬರುತ್ತಿದ್ದದ್ದು ಏಳು ಇಂಚಿನ ಪ್ಲೇಟಿನಲ್ಲಿ, 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಸಿಂಗಲ್ ಆಗಿ, ಬದಿಗೊಂದು ಹಾಡು. ಚಿಕ್ಕ ಕಂಪನಿ ಒಂದಷ್ಟು ಪ್ಲೇಟು ಒತ್ತಿಸುತ್ತದೆ. ರೇಡಿಯೋದವರು ಹಾಕಿದರೆ ಬದುಕುತ್ತದೆ, ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಮುಗಿಯಿತು. ನ್ಯಾಶ್‌ವಿಲ್‌ನ ಡಬ್ಲ್ಯೂಎಲ್‌ಎಸಿ ಕೇಂದ್ರ ಐವತ್ತು ಸಾವಿರ ವಾಟ್‌ನದು. ರಾತ್ರಿ ಹೊತ್ತು ಅದು ದೇಶದ ಅರ್ಧ ಭಾಗಕ್ಕೆ ಕೇಳಿಸುತ್ತಿತ್ತು. ಅಲ್ಲಿನ ಜಾನ್ ರಿಚ್‌ಬೋರ್ಗ್, ಕೇಳುಗರ ಬಾಯಲ್ಲಿ ‘ಜಾನ್ ಆರ್’, ಒಂದು ಪ್ಲೇಟು ಹಾಕಿದರೆ ಅದರ ಹಣೆಬರಹ ಬದಲಾಗುತ್ತಿತ್ತು. (ದನಿ ಕೇಳಿ ಎಷ್ಟೋ ಜನ ಅವರನ್ನು ಕಪ್ಪು ಮನುಷ್ಯ ಅಂದುಕೊಂಡಿದ್ದರು. ಅವರು ಬಿಳಿಯರು. ಅದೇ ಕೇಂದ್ರ ಹಾಡುಗಳ ನಡುವೆ ಅಂಚೆಯಲ್ಲಿ ಕೋಳಿಮರಿ ಕಳಿಸುವ ಜಾಹೀರಾತನ್ನೂ ಓದುತ್ತಿತ್ತು.)

ಎರಡನೆಯದು ಹಕ್ಕು ಯಾರ ಕೈಯಲ್ಲಿದೆ ಎಂಬುದು. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಪ್ಲೇಟುಗಳನ್ನು ದೇಶಕ್ಕೆ ಹಂಚುತ್ತಿದ್ದದ್ದು ನ್ಯೂಯಾರ್ಕ್‌ನ ಅಟ್ಲಾಂಟಿಕ್. 1965ರಲ್ಲಿ ಸ್ಟ್ಯಾಕ್ಸ್‌ನ ಜಿಮ್ ಸ್ಟೀವರ್ಟ್ ಒಪ್ಪಂದವೊಂದಕ್ಕೆ ಸರಿಯಾಗಿ ಓದದೆ ಸಹಿ ಹಾಕಿದರು. 1967ರಲ್ಲಿ ಅಟ್ಲಾಂಟಿಕ್ ಮಾರಾಟವಾಯಿತು. ಮುಂದಿನ ವರ್ಷ ಎರಡೂ ಕಂಪನಿಗಳು ಬೇರೆಯಾಗುವಾಗ ಗೊತ್ತಾಯಿತು, ಅಲ್ಲಿಯವರೆಗೆ ಅಟ್ಲಾಂಟಿಕ್ ಹಂಚಿದ ಸ್ಟ್ಯಾಕ್ಸ್ ಹಾಡುಗಳ ಮೂಲ ಟೇಪುಗಳೆಲ್ಲ ಅಟ್ಲಾಂಟಿಕ್‌ಗೇ ಸೇರಿದವು ಎಂದು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1967ರ ಡಿಸೆಂಬರ್ 10ರಂದು, ವಿಮಾನ ಅಪಘಾತದಲ್ಲಿ ಓಟಿಸ್ ರೆಡ್ಡಿಂಗ್ ತೀರಿಕೊಂಡಿದ್ದರು. ಸ್ಟ್ಯಾಕ್ಸ್ ಮತ್ತೆ ಎದ್ದು ನಿಂತಿತು, ಆದರೆ 1975ರ ಕೊನೆಗೆ ದಿವಾಳಿಯಾಯಿತು. ಇಷ್ಟು ದೊಡ್ಡ ಕಂಪನಿಯ ಪಾಡೇ ಹೀಗಾದರೆ ಗೋಲ್ಡ್‌ವ್ಯಾಕ್ಸ್, ರಾನ್, ಬ್ಯಾಕ್ ಬೀಟ್‌ನಂಥ ಚಿಕ್ಕವುಗಳ ಹಾಡುಗಳು ಯಾರದೋ ಗೋದಾಮಿಗೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಮರೆತುಹೋದದ್ದೆಲ್ಲ ಚಿನ್ನವಾ?

ಖಂಡಿತ ಅಲ್ಲ. ಓಟಿಸ್‌ನ ತಡವರಿಕೆ, ಬಿಕ್ಕುವಿಕೆಗಳನ್ನು ಹಾಗೇ ಎತ್ತಿಕೊಂಡ ಪ್ಲೇಟುಗಳು ರಾಶಿ ಇವೆ. ಪ್ಲೇಟು ಅಪರೂಪದ್ದು ಅಂದ ಮಾತ್ರಕ್ಕೆ ಹಾಡು ಒಳ್ಳೆಯದಾಗಲ್ಲ. ಸಂಗ್ರಹಕಾರರು ಇದನ್ನು ಒಪ್ಪುವುದು ಕಷ್ಟ.

ಒಂದೇ ಹಾಡು ಕೇಳಿ ನೋಡುತ್ತೇನೆ. ಯಾವುದು?

ಜೇಮ್ಸ್ ಕಾರ್ ಹಾಡಿದ ‘ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್’.

ಬರೆದವರು ಡ್ಯಾನ್ ಪೆನ್ ಮತ್ತು ಚಿಪ್ಸ್ ಮೋಮನ್. ನ್ಯಾಶ್‌ವಿಲ್‌ನಲ್ಲಿ ರೇಡಿಯೋದವರ ಸಮ್ಮೇಳನ ನಡೆಯುತ್ತಿತ್ತು. ಇಬ್ಬರೂ ಇಸ್ಪೀಟಾಟದ ನಡುವೆ ಎದ್ದು, ಗೋಲ್ಡ್‌ವ್ಯಾಕ್ಸ್ ಕಂಪನಿಯ ಕ್ವಿಂಟನ್ ಕ್ಲಾಂಚ್ ಅವರ ಹೋಟೆಲ್ ಕೋಣೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದರು. ಹಾಡನ್ನು ಜೇಮ್ಸ್ ಕಾರ್‌ಗೆ ಕೊಡುವುದಾದರೆ ಮಾತ್ರ ಕೋಣೆ ಎಂದು ಕ್ಲಾಂಚ್ ಷರತ್ತು ಹಾಕಿದ್ದರಂತೆ. ಮೆಂಫಿಸ್‌ನ ರಾಯಲ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. 1967ರಲ್ಲಿ ಕಪ್ಪು ಜನರ ಆರ್ ಅಂಡ್ ಬಿ ಪಟ್ಟಿಯಲ್ಲಿ ಹತ್ತನೇ ಸ್ಥಾನಕ್ಕೆ ಏರಿತು. ಪಾಪ್ ಪಟ್ಟಿಯಲ್ಲಿ 77ಕ್ಕೇ ನಿಂತಿತು.

ಮದುವೆಯಾದ ಇಬ್ಬರು ಕದ್ದು ಭೇಟಿಯಾಗುವ ಕಥೆ ಅದು. ಬೀದಿಯ ಕತ್ತಲ ತುದಿಯಲ್ಲಿ ಸೇರುತ್ತಾರೆ. ತಪ್ಪು ಅಂತ ಗೊತ್ತು, ಒಂದು ದಿನ ಸಿಕ್ಕಿಬೀಳುತ್ತೇವೆ ಅಂತಲೂ ಗೊತ್ತು. ಆಮೇಲೆ ಅರೀಥಾ, ಪರ್ಸಿ ಸ್ಲೆಡ್ಜ್, ಫ್ಲೈಯಿಂಗ್ ಬರಿಟೋ ಬ್ರದರ್ಸ್, ರೈ ಕೂಡರ್ ಎಲ್ಲರೂ ಇದನ್ನು ತೆಗೆದುಕೊಂಡರು. ಎಲ್ಲರೂ ಜಾಸ್ತಿ ಮಾಡುತ್ತಾರೆ. ಕಾರ್ ಏನೂ ಮಾಡುವುದಿಲ್ಲ. ಅಷ್ಟು ದೊಡ್ಡ ದನಿಯ ಮನುಷ್ಯ ಪೂರ್ತಿ ಹಾಡು ಅದನ್ನು ಅದುಮಿ ಹಿಡಿದುಕೊಂಡೇ ಹಾಡುತ್ತಾರೆ, ಗಟ್ಟಿಯಾಗಿ ಹಾಡಿದರೆ ಯಾರಿಗಾದರೂ ಕೇಳಿಸೀತು ಅನ್ನುವ ಹಾಗೆ. ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ.

ಕಾರ್ ಮನೋರೋಗದಿಂದ ಬಳಲಿದರು, 2001ರಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯುವವರು ಹಾಡಿಗಿಂತ ಈ ಕಾಯಿಲೆಯ ಬಗ್ಗೆಯೇ ಜಾಸ್ತಿ ಬರೆಯುತ್ತಾರೆ. ನನಗೆ ಅದು ಇಷ್ಟವಿಲ್ಲ. ಹುಚ್ಚು ಹಿಡಿದವನು ಹೀಗೆ ಅಳತೆ ಮಾಡಿ ಹಾಡಲಾರ. ಇದು ಕಸುಬು ಗೊತ್ತಿದ್ದವನ ಕೆಲಸ. 1967ರ ‘ಯೂ ಗಾಟ್ ಮೈ ಮೈಂಡ್ ಮೆಸ್ಡ್ ಅಪ್’ ಆಲ್ಬಂ ಪೂರ್ತಿ ಕೇಳಿದರೆ ನಿಮಗೇ ತಿಳಿಯುತ್ತದೆ.

ಅದಾದ ಮೇಲೆ?

ಓ. ವಿ. ರೈಟ್. ನನ್ನನ್ನು ಕೇಳಿದರೆ ಮೆಂಫಿಸ್‌ನಲ್ಲಿ ಹಾಡಿದವರಲ್ಲೆಲ್ಲ ಇವರದೇ ಮೊದಲ ಹೆಸರು, ಓಟಿಸ್ ಅವರನ್ನೂ ಸೇರಿಸಿ. ಜಗಳಕ್ಕೆ ಬರುವವರು ಬರಲಿ.

1964ರಲ್ಲಿ ಗೋಲ್ಡ್‌ವ್ಯಾಕ್ಸ್‌ಗೆ ಅವರು ‘ದ್ಯಾಟ್ಸ್ ಹೌ ಸ್ಟ್ರಾಂಗ್ ಮೈ ಲವ್ ಈಸ್’ ಹಾಡಿದರು. ಬರೆದವರು ರೂಸ್‌ವೆಲ್ಟ್ ಜೇಮಿಸನ್, ಮೆಂಫಿಸ್‌ನ ರಕ್ತನಿಧಿಯೊಂದರಲ್ಲಿ ಕೆಲಸಕ್ಕಿದ್ದವರು. ಬೆನ್ನಿಗೇ ಓಟಿಸ್ ರೆಡ್ಡಿಂಗ್ ಹಾಡಿದರು, 1965ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದರು. ರೈಟ್ ಹಾಡಿದ್ದು ಹಿಂದೆ ಬಿತ್ತು. ಜೊತೆಗೆ ಇನ್ನೊಂದು ತೊಡಕು. ಗಾಸ್ಪೆಲ್ ತಂಡದಲ್ಲಿದ್ದಾಗ ರೈಟ್ ಹ್ಯೂಸ್ಟನ್‌ನ ಡಾನ್ ರೋಬಿಯ ಕಂಪನಿಗೆ ಹಾಡಿದ್ದರು. ಆ ಒಪ್ಪಂದ ಇನ್ನೂ ಮುಗಿದಿಲ್ಲ ಎಂದು ರೋಬಿ ಪಟ್ಟು ಹಿಡಿದು ಅವರನ್ನು ತನ್ನ ಬ್ಯಾಕ್ ಬೀಟ್ ಲೇಬಲ್‌ಗೆ ಎಳೆದುಕೊಂಡರು. 1973ರಲ್ಲಿ ರೋಬಿ ಕಂಪನಿಯನ್ನೇ ಎಬಿಸಿ ರೆಕಾರ್ಡ್ಸ್‌ಗೆ ಮಾರಿದರು, ಎಬಿಸಿ 1979ರಲ್ಲಿ ಎಂಸಿಎ ಎಂಬ ಇನ್ನೊಂದು ದೊಡ್ಡ ಕಂಪನಿಯ ಕೈಗೆ ಹೋಯಿತು. ಹಾಡುಗಳು ಹೀಗೆ ಕೈ ಬದಲಾಯಿಸುತ್ತಾ ಹೋದವು.

ಬ್ಯಾಕ್ ಬೀಟ್ ಕಾಲದ ಅವರ ಒಳ್ಳೆಯ ಹಾಡುಗಳನ್ನು ಮಾಡಿಸಿದವರು ವಿಲ್ಲಿ ಮಿಚೆಲ್. ಆಲ್ ಗ್ರೀನ್ ಅವರನ್ನು ಬೆಳೆಸಿದವರೂ ಇವರೇ. ಅದೇ ರಾಯಲ್ ಸ್ಟುಡಿಯೋ, ಅದೇ ವಾದ್ಯದವರು. 1967ರ ‘ಏಟ್ ಮೆನ್, ಫೋರ್ ವಿಮೆನ್’ ಹಾಡಿನಲ್ಲಿ ಪ್ರೀತಿಯನ್ನೇ ಕಟಕಟೆಗೆ ಹತ್ತಿಸುತ್ತಾರೆ, ತೀರ್ಪು ಕೊಡಲು ಎಂಟು ಗಂಡಸರು, ನಾಲ್ವರು ಹೆಂಗಸರು ಕೂತಿದ್ದಾರೆ. 1971ರ ‘ಎ ನಿಕಲ್ ಅಂಡ್ ಎ ನೇಲ್’ನಲ್ಲಿ ಬರಿಗೈಯಾದ ಮನುಷ್ಯನ ಜೇಬಿನಲ್ಲಿ ಉಳಿದಿರುವುದು ಐದು ಸೆಂಟಿನ ನಾಣ್ಯ, ಒಂದು ಮೊಳೆ. ಆ ಮೊಳೆ ಯಾಕೆ ಅಂತ ಹಾಡು ಕೇಳಿದ ಮೇಲೆ ಯೋಚಿಸಿ. ರೈಟ್ 1980ರಲ್ಲಿ ಅಲಬಾಮದ ಮೊಬೀಲ್‌ನಲ್ಲಿ ತೀರಿಕೊಂಡರು. ವಯಸ್ಸು 41.

ಎಲ್ಲಾ ಹಾಡೂ ಒಂದೇ ಥರ ಕೇಳಿಸುತ್ತವಲ್ಲ?

ಮೊದಮೊದಲು ಹೌದು. ಹಿನ್ನೆಲೆಯಲ್ಲಿ ಸುಮ್ನೆ ಹಾಕಿಕೊಂಡು ಕೂತರೆ ಕೊನೆಯವರೆಗೂ ಹೌದು. ಒಂದು ಹಾಡನ್ನು ಎರಡು ಸಲ ಕೇಳಿ. ಮೊದಲ ಸಲ ಹಾಡುಗಾರರನ್ನು ಬಿಟ್ಟು ಡ್ರಮ್ ಮತ್ತು ಬೇಸ್ ಮಾತ್ರ ಹಿಡಿಯಿರಿ. ಸ್ಟ್ಯಾಕ್ಸ್‌ನ ಡ್ರಮ್ಮರ್ ಆಲ್ ಜ್ಯಾಕ್ಸನ್ ಜೂನಿಯರ್ 1965ರ ‘ಇನ್ ದ ಮಿಡ್‌ನೈಟ್ ಅವರ್’ನಲ್ಲಿ ಎರಡನೇ ಮತ್ತು ನಾಲ್ಕನೇ ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿ ಹೊಡೆಯುತ್ತಾರೆ. ಆ ತಡವೇ ದಕ್ಷಿಣದ ಗುರುತು. ಎರಡನೇ ಸಲ ಹಾಡುಗಾರರ ಕಡೆ ಗಮನ ಕೊಡಿ. ಆ ತಾಳಕ್ಕಿಂತಲೂ ಹಿಂದೆ ಎಷ್ಟು ಉಳಿಯುತ್ತಾರೆ, ಎಲ್ಲಿ ಓಡಿ ಬಂದು ಸೇರಿಕೊಳ್ಳುತ್ತಾರೆ ಅಂತ ನೋಡಿ.

ನಿಧಾನದ ಹಾಡುಗಳ ನಡೆ ನಮಗೆ ಹೊಸದಲ್ಲ. ನಾಲ್ಕು ಎಣಿಕೆ, ಪ್ರತಿ ಎಣಿಕೆಯ ಒಳಗೂ ಮೂರು ಮೂರು. ಕರ್ನಾಟಕ ಸಂಗೀತ ಕೇಳುವವರು ಇದನ್ನು ತಿಶ್ರ ನಡೆ ಎಂದು ತಕ್ಷಣ ಗುರುತಿಸುತ್ತಾರೆ. ಪರ್ಸಿ ಸ್ಲೆಡ್ಜ್ ಅವರ 1966ರ ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’ ಹಾಕಿ ತೊಡೆಯ ಮೇಲೆ ತಟ್ಟಿ ನೋಡಿ.

ಸಾಹಿತ್ಯ ಅರ್ಥವಾಗುವುದಿಲ್ಲ. ಉಚ್ಚಾರಣೆ ಹಿಡಿಯಲು ಆಗುತ್ತಿಲ್ಲ.

ಒಮ್ಮೆ ಪದಗಳನ್ನು ಓದಿಕೊಂಡು ಕೇಳಿ, ಆಮೇಲೆ ಬಿಟ್ಟುಬಿಡಿ. ಪದಗಳು ಸರಳ. ಕಷ್ಟವಿರುವುದು ‘ಓ’ ಅನ್ನುವುದರಲ್ಲಿ.

ಹೆಂಗಸರ ಹಾಡುಗಳು?

ಇಲ್ಲಿ ಅನ್ಯಾಯ ಇನ್ನೂ ಜಾಸ್ತಿ. ಕ್ಯಾಂಡಿ ಸ್ಟೇಟನ್ ಅಂದರೆ 1976ರ ಡಿಸ್ಕೋ ಹಾಡು ‘ಯಂಗ್ ಹಾರ್ಟ್ಸ್ ರನ್ ಫ್ರೀ’ ಅಷ್ಟೇ ಬಹಳ ಜನಕ್ಕೆ ಗೊತ್ತು. ಅದಕ್ಕೂ ಮೊದಲು ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೋದಲ್ಲಿ ಅವರು ಹಾಡಿದ್ದನ್ನು ಕೇಳಿ. 1969ರ ‘ಐಯಾಮ್ ಜಸ್ಟ್ ಎ ಪ್ರಿಸನರ್’ನಲ್ಲಿ ದನಿ ಬಿರುಕು ಬಿಡುವ ಅಂಚಿನವರೆಗೆ ಹೋಗಿ ಹಿಂದೆ ಬರುತ್ತದೆ. ಆ ಕಾಲದ ಅವರ ಎಷ್ಟೋ ಹಾಡುಗಳನ್ನು ಬರೆದ ಜಾರ್ಜ್ ಜ್ಯಾಕ್ಸನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮೇಬಲ್ ಜಾನ್ ಅವರ ‘ಯುವರ್ ಗುಡ್ ಥಿಂಗ್’ (ಸ್ಟ್ಯಾಕ್ಸ್, 1966) ಗಂಡನಿಗೆ ಕೊಡುವ ಕೊನೆಯ ಎಚ್ಚರಿಕೆ. ಅವರು ಕೂಗುವುದೇ ಇಲ್ಲ, ಅದೇ ಹೆದರಿಕೆ. ಎಲಾ ವಾಷಿಂಗ್ಟನ್ ಎಂಬ ಹಾಡುಗಾರ್ತಿಯ 1969ರ ‘ಹಿ ಕಾಲ್ಡ್ ಮಿ ಬೇಬಿ’ ಮೂಲದಲ್ಲಿ ಕಂಟ್ರಿ ಹಾಡು, ಬರೆದವರು ಹಾರ್ಲನ್ ಹೋವರ್ಡ್. ಬಿಳಿಯರ ಕಂಟ್ರಿ, ಕಪ್ಪು ಜನರ ಸೋಲ್ ಎರಡೂ ಒಂದೇ ನೆಲದಲ್ಲಿ ಬೆಳೆದವು. ಇಬ್ಬರೂ ಒಂದೇ ರೇಡಿಯೋ ಕೇಳುತ್ತಿದ್ದರು.

ಬ್ಲೂಸ್‌ನಲ್ಲಿ ಯಾರು?

ಎಕ್ಸೆಲ್ಲೋ ಕಂಪನಿಯ ಹಾಡುಗಳಿಂದ ಶುರು ಮಾಡಿ. ಕಂಪನಿ ನ್ಯಾಶ್‌ವಿಲ್‌ನದು, ರೆಕಾರ್ಡ್ ಆಗುತ್ತಿದ್ದದ್ದು ಲೂಸಿಯಾನಾದ ಕ್ರೌಲಿ ಎಂಬ ಪುಟ್ಟ ಊರಿನಲ್ಲಿ, ಜೆ. ಡಿ. ಮಿಲ್ಲರ್ ಅವರ ಸ್ಟುಡಿಯೋದಲ್ಲಿ. ಲೈಟ್ನಿನ್ ಸ್ಲಿಮ್, ಲೇಜಿ ಲೆಸ್ಟರ್, ಸ್ಲಿಮ್ ಹಾರ್ಪೋ. ಚಿಕಾಗೋ ಬ್ಲೂಸ್‌ನ ಅಬ್ಬರ ಇಲ್ಲಿಲ್ಲ. ಮಧ್ಯಾಹ್ನದ ಸೆಕೆಗೆ ಮೈ ಜೋಮು ಹಿಡಿದಂಥ ನಡೆ.

ಸ್ಲಿಮ್ ಹಾರ್ಪೋ ಮೌತ್ ಆರ್ಗನ್ ನುಡಿಸುತ್ತಾ ಮೂಗಿನಲ್ಲಿ ಹಾಡುತ್ತಿದ್ದರು. ‘ಐಯಾಮ್ ಎ ಕಿಂಗ್ ಬೀ’ ಹಾಡನ್ನು 1964ರಲ್ಲಿ ರೋಲಿಂಗ್ ಸ್ಟೋನ್ಸ್ ಎತ್ತಿಕೊಂಡರು. 1966ರ ‘ಬೇಬಿ ಸ್ಕ್ರ್ಯಾಚ್ ಮೈ ಬ್ಯಾಕ್’ ಆರ್ ಅಂಡ್ ಬಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಹಾಗಾಗಿ ಅವರು ಅಂದು ಮೂಲೆಗುಂಪಾಗಿದ್ದವರಲ್ಲ. 1970ರಲ್ಲಿ ತೀರಿಕೊಂಡ ಮೇಲೆ ಮರೆತರು.

ಹಾಡುಗಾರರು ಕಪ್ಪು ಜನ, ವಾದ್ಯದವರಲ್ಲಿ ಬಿಳಿಯರೂ ಇದ್ದರು ಅನ್ನುತ್ತಾರೆ. ನಿಜವಾ?

ನಿಜ. ಸ್ಟ್ಯಾಕ್ಸ್‌ನ ಹಿಮ್ಮೇಳ ‘ಬುಕರ್ ಟಿ ಅಂಡ್ ದ ಎಂಜಿಸ್’ನಲ್ಲಿ ಬುಕರ್ ಟಿ ಜೋನ್ಸ್, ಆಲ್ ಜ್ಯಾಕ್ಸನ್ ಕಪ್ಪು ಜನ, ಸ್ಟೀವ್ ಕ್ರಾಪರ್, ಡಕ್ ಡನ್ ಬಿಳಿಯರು. ಮಸಲ್ ಶೋಲ್ಸ್‌ನಲ್ಲಿ ರೋಜರ್ ಹಾಕಿನ್ಸ್, ಡೇವಿಡ್ ಹುಡ್, ಜಿಮ್ಮಿ ಜಾನ್ಸನ್, ಬ್ಯಾರಿ ಬೆಕೆಟ್ ನಾಲ್ವರೂ ಬಿಳಿಯರು. ರಾಯಲ್‌ನ ಹಾಜಸ್ ಅಣ್ಣತಮ್ಮಂದಿರು ಮೂವರು, ಡ್ರಮ್ಮರ್ ಹೋವರ್ಡ್ ಗ್ರೈಮ್ಸ್ ಕಪ್ಪು ಜನ.

ಇದನ್ನು ಸೌಹಾರ್ದದ ಕಥೆ ಮಾಡಿ ಹೇಳುವವರು ಬಹಳ. ಅರ್ಧ ಮಾತ್ರ ಸರಿ. ಸ್ಟುಡಿಯೋದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದವರು ಅದೇ ಊರಿನ ಎಷ್ಟೋ ಜಾಗಗಳಲ್ಲಿ ಒಟ್ಟಿಗೆ ಊಟಕ್ಕೆ ಕೂರುವ ಹಾಗಿರಲಿಲ್ಲ. ಕಪ್ಪು ಜನ, ಬಿಳಿಯರು ಸೇರಿ ಹಾಡು ಬರೆಯುತ್ತಿದ್ದ ಜಾಗ ಮೆಂಫಿಸ್‌ನ ಲೊರೇನ್ ಮೋಟೆಲ್. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದದ್ದು ಅಲ್ಲೇ. ಅದಾದ ಮೇಲೆ ಸ್ಟ್ಯಾಕ್ಸ್ ಮೊದಲಿನಂತಿರಲಿಲ್ಲ. ಮತ್ತೆ, ಕಂಪನಿಗಳ ಒಡೆಯರಲ್ಲಿ ಹೆಚ್ಚಿನವರು ಯಾರು ಅನ್ನುವುದನ್ನೂ ನೋಡಬೇಕು.

ಎಲ್ಲರೂ ಅವರ ಹಾಡು ಹಾಡಿದ್ದಾರೆ, ಅವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಹಾಗೆ ಯಾರಾದರೂ ಇದ್ದಾರಾ?

ಆರ್ಥರ್ ಅಲೆಕ್ಸಾಂಡರ್. ಅವರ ಹಾಡನ್ನು ಬೀಟಲ್ಸ್ ಹಾಡಿದರು (‘ಆನಾ’), ರೋಲಿಂಗ್ ಸ್ಟೋನ್ಸ್ ಹಾಡಿದರು (‘ಯೂ ಬೆಟರ್ ಮೂವ್ ಆನ್’), ಬಾಬ್ ಡಿಲನ್ ಹಾಡಿದರು (‘ಸ್ಯಾಲಿ ಸ್ಯೂ ಬ್ರೌನ್’). ‘ಯೂ ಬೆಟರ್ ಮೂವ್ ಆನ್’ 1961ರಲ್ಲಿ ಮಸಲ್ ಶೋಲ್ಸ್‌ನ ಹಳೆಯ ತಂಬಾಕು ಗೋದಾಮಿನಲ್ಲಿ ರೆಕಾರ್ಡ್ ಆಯಿತು. ಅದರಿಂದ ಬಂದ ದುಡ್ಡಿನಲ್ಲೇ ಫೇಮ್‌ನ ಒಡೆಯ ರಿಕ್ ಹಾಲ್ ಅದಕ್ಕೆ ಸರಿಯಾದ ಸ್ಟುಡಿಯೋ ಕಟ್ಟಿಸಿದರು. ಅಲೆಕ್ಸಾಂಡರ್ ಮಾತ್ರ ಮುಂದೆ ಕ್ಲೀವ್‌ಲ್ಯಾಂಡ್‌ನಲ್ಲಿ ಬಸ್ ಓಡಿಸಿದರು. 1993ರಲ್ಲಿ ಹೊಸ ಆಲ್ಬಂ ಬಂತು, ಒಳ್ಳೆಯ ಮಾತುಗಳೂ ಬಂದವು. ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು.

1975ಕ್ಕೆ ಎಲ್ಲ ಮುಗಿದುಹೋಯಿತಾ?

ಡಿಸ್ಕೋ ಬಂತು, ಸ್ಟ್ಯಾಕ್ಸ್ ಮುಚ್ಚಿತು. ಆದರೆ ಮಿಸಿಸಿಪ್ಪಿಯ ಜ್ಯಾಕ್ಸನ್ ಊರಿನ ಮಲಾಕೋ ಕಂಪನಿ ಉಳಿದುಕೊಂಡಿತು. ಮಲಾಕೋ ಕಥೆಗೆ 1970ರಿಂದ ಬರಬೇಕು. ನ್ಯೂ ಆರ್ಲಿಯನ್ಸ್‌ನ ವಾರ್ಡೆಲ್ ಕೆಜರ್ಗ್ ಒಂದು ಶಾಲಾ ಬಸ್ಸಿನಲ್ಲಿ ಹಾಡುಗಾರರನ್ನು ತುಂಬಿಕೊಂಡು ಜ್ಯಾಕ್ಸನ್‌ಗೆ ಬಂದರು. ಕಿಂಗ್ ಫ್ಲಾಯ್ಡ್ ಅವರ ‘ಗ್ರೂವ್ ಮಿ’, ಜೀನ್ ನೈಟ್ ಅವರ ‘ಮಿಸ್ಟರ್ ಬಿಗ್ ಸ್ಟಫ್’ ಎರಡೂ ಆಗ ಒಂದೇ ದಿನ ರೆಕಾರ್ಡ್ ಆದವು. ಎರಡನೆಯದನ್ನು ಸ್ಟ್ಯಾಕ್ಸ್ ಮೊದಲು ಬೇಡ ಅಂದಿತು. ಮೊದಲನೆಯದು ಓಡಿದ್ದು ನೋಡಿ ಮನಸ್ಸು ಬದಲಾಯಿಸಿತು, 1971ರಲ್ಲಿ ಅದೂ ಭರ್ಜರಿ ಓಡಿತು.

1976ರಲ್ಲಿ ಡೊರೊತಿ ಮೂರ್ ಅವರ ‘ಮಿಸ್ಟಿ ಬ್ಲೂ’, ಆಮೇಲೆ 1982ರಲ್ಲಿ ಜೀ. ಜೀ. ಹಿಲ್ ಅವರ ‘ಡೌನ್ ಹೋಮ್’ ಆಲ್ಬಂ. ಬ್ಲೂಸ್ ಸತ್ತಿತು ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲದಲ್ಲಿ ಅದು ಸುಮಾರು ಎರಡು ವರ್ಷ ಪಟ್ಟಿಯಲ್ಲೇ ಇತ್ತು. ಅದರ ‘ಡೌನ್ ಹೋಮ್ ಬ್ಲೂಸ್’ ಬರೆದದ್ದು ಅದೇ ಜಾರ್ಜ್ ಜ್ಯಾಕ್ಸನ್. ಇವುಗಳಲ್ಲಿ ಸಿಂಥಸೈಜರ್ ಸದ್ದು ಜಾಸ್ತಿ ಅಂತ ಸಂಗ್ರಹಕಾರರು ಮೂಗು ಮುರಿಯುತ್ತಾರೆ. ದಕ್ಷಿಣದ ಕಪ್ಪು ಕೇಳುಗರು ಮುರಿಯಲಿಲ್ಲ.

ಬಿಡುಗಡೆಯೇ ಆಗದ ಹಾಡುಗಳು ಈಗ ಹೇಗೆ ಸಿಗುತ್ತಿವೆ?

ಯಾರಾದರೂ ಟೇಪು ಹುಡುಕಿ ತೆಗೆಯಬೇಕು. ಬೆಟ್ಟಿ ಲವೆಟ್ 1972ರಲ್ಲಿ ಮಸಲ್ ಶೋಲ್ಸ್‌ನಲ್ಲಿ ಒಂದು ಪೂರ್ತಿ ಆಲ್ಬಂ ಹಾಡಿದರು. ಕಂಪನಿ ಅದನ್ನು ಪೆಟ್ಟಿಗೆಯಲ್ಲೇ ಇಟ್ಟಿತು. 2000ದಲ್ಲಿ ಫ್ರಾನ್ಸ್‌ನ ಸಂಗ್ರಹಕಾರ ಜಿಲ್ ಪೆಟಾರ್ ಅದನ್ನು ‘ಸೂವೆನಿಯರ್ಸ್’ ಎಂದು ಹೊರತಂದರು. ಅದಾದ ಮೇಲೆ ಲವೆಟ್ ಅವರ ಎರಡನೇ ಇನ್ನಿಂಗ್ಸ್ ಶುರುವಾಯಿತು. ಆ ಹಾಡುಗಳನ್ನು ಕೇಳಿದರೆ ಕಂಪನಿಯವರ ಕಿವಿಯ ಬಗ್ಗೆ ಅನುಮಾನ ಬರುತ್ತದೆ.

ಬ್ರಿಟನ್ನಿನ ಏಸ್ ಕಂಪನಿ ಮತ್ತು ಅದರ ಕೆಂಟ್ ಲೇಬಲ್ ಈ ಕೆಲಸದಲ್ಲಿ ಮುಂದೆ. ಗೋಲ್ಡ್‌ವ್ಯಾಕ್ಸ್‌ನ ಎಲ್ಲ ಸಿಂಗಲ್‌ಗಳು ಅವರ ಸಿಡಿಗಳಲ್ಲಿವೆ. ಜಾರ್ಜ್ ಜ್ಯಾಕ್ಸನ್ ಫೇಮ್‌ನಲ್ಲಿ ತಾವೇ ಹಾಡಿಟ್ಟ ಹಾಡುಗಳೂ ಇವೆ. ಬೇರೆಯವರಿಗೆ ದಾರಿ ತೋರಿಸಲು ಹಾಡಿದವು ಹಲವು, ಆದರೆ ಕೆಲವು ಅಸಲಿಗಿಂತ ಚೆನ್ನಾಗಿವೆ. 1997ರಿಂದ ಕೆಂಟ್‌ನಲ್ಲಿ ಡೇವ್ ಗಾಡಿನ್ ಆರಿಸಿದ ‘ಡೀಪ್ ಸೋಲ್ ಟ್ರೆಷರ್ಸ್’ ನಾಲ್ಕು ಭಾಗಗಳಲ್ಲಿ ಬಂತು. ಇಡೀ ವಿಷಯಕ್ಕೆ ಒಂದೇ ಬಾಗಿಲು ಬೇಕು ಅನ್ನುವವರಿಗೆ ಅದು ಸಾಕು. 2023ರಲ್ಲಿ ಸ್ಟ್ಯಾಕ್ಸ್‌ನ ಹಾಡು ಬರೆಯುವವರ ಡೆಮೊಗಳು (ದಾರಿ ತೋರಿಸಲು ಹಾಡಿಟ್ಟ ಇಂಥವೇ ಟೇಪುಗಳು) ಏಳು ಸಿಡಿಗಳಾಗಿ ಬಂದವು. ಅದನ್ನು ಮೊದಲಿಗೇ ಕೇಳಬೇಡಿ, ಬಿಡುಗಡೆಯಾದ ಹಾಡುಗಳು ಪರಿಚಯವಾದ ಮೇಲೆ ರುಚಿ.

ಸ್ಟ್ರೀಮಿಂಗ್‌ನಲ್ಲಿ ಇವೆಲ್ಲ ಸಿಗುತ್ತವಾ?

ಬಹಳಷ್ಟು ಸಿಗುತ್ತವೆ. ಒಂದು ಎಚ್ಚರ ಇರಲಿ. ಎಷ್ಟೋ ಹಾಡುಗಾರರು ಹಣಕ್ಕಾಗಿ ಮುಂದೆ ತಮ್ಮದೇ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿದ್ದಾರೆ. ಪರ್ಸಿ ಸ್ಲೆಡ್ಜ್ ಹೀಗೆ ಹಲವು ಸಲ ಮಾಡಿದ್ದಾರೆ. ಹುಡುಕಿದಾಗ ಮೊದಲು ಬರುವುದು ಒಮ್ಮೊಮ್ಮೆ ಅದೇ. ಡ್ರಮ್ ಮಷಿನ್ ಸದ್ದು ಬಂದರೆ, ಹಾರ್ನ್ (ತುತ್ತೂರಿಯಂಥ ಊದುವ ವಾದ್ಯ) ಬದಲು ಕೀಬೋರ್ಡ್ ಕೇಳಿಸಿದರೆ ಅದನ್ನು ಬಿಟ್ಟು ಮೂಲ ಲೇಬಲ್ ಹೆಸರು ಇರುವುದನ್ನು ಹುಡುಕಿ. ಮೋನೋ, ಸ್ಟೀರಿಯೋ ಎರಡೂ ಇದ್ದರೆ ಮೋನೋ. ರೇಡಿಯೋಗೆ ಅಂತ ಮಾಡಿದ್ದೇ ಅದು.

ಹಳೆಯ 45 ಪ್ಲೇಟು ಕೊಳ್ಳಬೇಕಾ?

ಹುಚ್ಚಿದ್ದರೆ ಕೊಳ್ಳಿ. ಹಿಂಬದಿಯ ಹಾಡು ಸಿಗುತ್ತದೆ ಅನ್ನುವುದೇ ದೊಡ್ಡ ಲಾಭ. ರೇಡಿಯೋದವರ ಗಮನ ಒಂದೇ ಹಾಡಿನ ಮೇಲಿರಲಿ ಎಂದು ಕಂಪನಿಗಳು ಹಿಂಬದಿಗೆ ಏನನ್ನೋ ತುಂಬುತ್ತಿದ್ದವು, ಅದೇ ಎಷ್ಟೋ ಸಲ ಒಳ್ಳೆಯ ಹಾಡು.

ಅಮೆರಿಕದ 45ರ ನಡುವಿನ ತೂತು ದೊಡ್ಡದು, ಒಂದೂವರೆ ಇಂಚು. ಅದಕ್ಕೆ ಪ್ಲಾಸ್ಟಿಕ್ ಅಡಾಪ್ಟರ್ ಬೇಕು, ಇಲ್ಲದಿದ್ದರೆ ಪ್ಲೇಟು ಅತ್ತಿತ್ತ ಸರಿಯುತ್ತದೆ. ಇನ್ನೊಂದು, ಆ ಕಾಲದ ಎಷ್ಟೋ ಪ್ಲೇಟುಗಳು ವಿನೈಲ್ ಅಲ್ಲ, ಸ್ಟೈರೀನ್ ಎಂಬ ಬೇರೆ ಪ್ಲಾಸ್ಟಿಕ್. ನೋಡಲು ಥಳಥಳ ಅನ್ನುತ್ತವೆ. ಸವೆದ ಸೂಜಿಯಲ್ಲಿ ನಾಲ್ಕಾರು ಸಲ ಓಡಿದ್ದರೆ ಸಾಕು, ದನಿ ಜೋರಾದಲ್ಲೆಲ್ಲ ಬರಬರ ಅನ್ನುತ್ತವೆ. ಫೋಟೋ ನೋಡಿ ದುಡ್ಡು ಕೊಡಬೇಡಿ. ಓಡಿಸಿ ರೆಕಾರ್ಡ್ ಮಾಡಿದ ತುಣುಕು ಕಳಿಸಿ ಅಂತ ಮಾರುವವರನ್ನು ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ.